ಸ್ವಿಫ್ಟ್, ಎಕ್ಸ್‌ಟರ್, ಪಂಚ್: ಮೂರನ್ನೂ ದೇವಿಮನೆ ಘಟ್ಟ ಹತ್ತಿಸಿ ನೋಡಿದ್ದು

ಶಿರಸಿಲಿ ಟೆಸ್ಟ್ ಡ್ರೈವ್ ಅಂದ್ರೆ ಶೋರೂಮಿಂದ ಹೊರಟು ಯಲ್ಲಾಪುರ ನಾಕೆ ತಿರುಗಿ ವಾಪಸ್ಸು, ಎಸಿ ತಂಪಾಗೋದ್ರೊಳಗೆ ಮುಗೀತು. ಅಷ್ಟ್ರಲ್ಲಿ ಗೊತ್ತಾಗೋದು ಹಾರ್ನು ಎಲ್ಲಿದೆ ಅಂತ ಮಾತ್ರ. ನನಗೆ ಬೇಕಾಗಿದ್ದು ಎರಡೇ, ಕುಮಟಾ ದಾರಿಲಿರೋ ದೇವಿಮನೆ ಘಟ್ಟ ಐದು ಜನ ಕೂತು ಹತ್ತಬೇಕು, ಮತ್ತೆ ನಮ್ಮನೆ ದಣಪೆವರೆಗಿನ ಮಣ್ಣು ರಸ್ತೆಲಿ ಕೆಳಗೆ ತಾಗಬಾರದು. ಪೆಟ್ರೋಲ್ ನಾನೇ ಹಾಕಿಸ್ತೀನಿ ಅಂತ ಹೇಳಿ ಗಂಟುಬಿದ್ದೆ, ಎರಡು ಕಡೆ ಒಪ್ಪಿದ್ರು, ಇನ್ನೊಂದು ಕಾರಿಗೆ ಭಾವನ ಪೈಕಿಯವ್ರ ಗಾಡಿ ಕಡ ತಂದಿದ್ದು. ಮೂರೂ ಪೆಟ್ರೋಲ್, ಮೂರೂ ಮ್ಯಾನುಯಲ್. ಇದನ್ನ ಮೊದಲೇ ಫೋನ್ ಮಾಡಿ ಹೇಳಿ, ಒಂದು ಕಡೆ ನಾನು ಮ್ಯಾನುಯಲ್ ಕೇಳಿದ್ರೆ ಎಎಂಟಿ, ಅಂದ್ರೆ ಕ್ಲಚ್ ಇಲ್ದೆ ತಾನೇ ಗೇರ್ ಬದಲಿಸೋದು, ತಂದು ನಿಲ್ಸಿದ್ರು, ಅವತ್ತು ಹೋಗಿ ಬಂದಿದ್ದೇ ಬಂತು.

ಸ್ವಿಫ್ಟ್ ಮೊದಲು. 2024ರ ಹೊಸದು, 1.2 ಲೀಟರ್, ಮೂರು ಸಿಲಿಂಡರ್. ಗಾಡಿ ತೂಕ ಸುಮಾರು 920 ಕೆಜಿ ಅಷ್ಟೇ, ಹಾಗಾಗಿ ಕತಗಾಲಿಂದ ಮೇಲೆ ಬರೋವಾಗ ತಿರುವುಗಳಲ್ಲಿ ಖುಷಿನೇ ಬೇರೆ, ಸ್ಟೇರಿಂಗ್ ಹಗುರ, ಎರಡನೇ ಗೇರಲ್ಲಿ ಬಿಟ್ರೆ ಸಲೀಸಾಗಿ ಎಳೀತು. ನಾನೊಬ್ನೇ ಓಡಿಸೋದಾದ್ರೆ ಕಣ್ಮುಚ್ಚಿ ಇದೇ. ಆದ್ರೆ ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಗಾಡಿ ಹೊಟ್ಟೆಗೂ ನಡುವಿನ ಎತ್ತರ, 163 ಎಂಎಂ, ನಮ್ಮ ರಸ್ತೆ ನಡುವೆ ಮಳೆಗಾಲ ಕಳೆದ್ಮೇಲೆ ಉಳಿಯೋ ಮಣ್ಣಿನ ದಿಬ್ಬಕ್ಕೆ ಹೆದರಿ ಹಿಂದೆ ಕೂತ ಮೂವರೂ ಇಳಿದು ನಡೆದೇ ಬಂದ್ರು. ತಪ್ಪು ಕಾರಿಂದಲ್ಲ, ನಮ್ಮ ರಸ್ತೆದು. ಡಿಕ್ಕಿನೂ 265 ಲೀಟರ್, ಮದುವೆಮನೆಗೆ ಹೊರಟ್ರೆ ಒಂದು ಬ್ಯಾಗು ಯಾರದ್ದಾದ್ರೂ ತೊಡೆ ಮೇಲೆ.

ಎಕ್ಸ್‌ಟರಲ್ಲಿ ನನಗೆ ಹಿಡಿಸಿದ್ದು ಇಂಜಿನ್. ಮೂರರಲ್ಲಿ ಇದೊಂದೇ ನಾಲ್ಕು ಸಿಲಿಂಡರ್, ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಾಕ್ಕೊಂಡು ನಿಂತು ನಿಂತು ಹೋಗೋವಾಗ ಆ ವ್ಯತ್ಯಾಸ ಕಾಲಿಗೇ ಗೊತ್ತಾಗ್ತದೆ, ನಡುಕ ಕಮ್ಮಿ. ಕ್ಲಿಯರೆನ್ಸ್ 185, ಡಿಕ್ಕಿ 391 ಲೀಟರ್, ಲೆಕ್ಕ ಹಾಕಿದ್ರೆ ಇದೇ ಗೆಲ್ಲಬೇಕು. ಸ್ವಿಫ್ಟಿಗೂ ಇದಕ್ಕೂ ಎಲ್ಲಾ ವೇರಿಯಂಟಲ್ಲೂ 6 ಏರ್‌ಬ್ಯಾಗ್ ಇದೆ, ಅದೂ ಒಳ್ಳೇದೇ. ನಾನು ಮನಸ್ಸಲ್ಲೇ ಬಣ್ಣ ಆರಿಸ್ತಾ ಇದ್ದೆ.

ಪಂಚ್ ತಂದ ದಿನ ಆಯಿನ ಕೂರಿಸಿದ್ದೇ ಎಡವಟ್ಟಾಗಿದ್ದು. ಅದರ ಬಾಗಿಲು ಪೂರ್ತಿ 90 ಡಿಗ್ರಿ ತೆರೀತದೆ. ಮಂಡಿನೋವಿನ ಆಯಿ, ಉಳಿದೆರಡಕ್ಕೂ ಸೀರೆ ಎತ್ತಿ ಹಿಡ್ಕೊಂಡು ತಲೆ ಬಗ್ಗಿಸಿ ಹತ್ತಿದವ್ಳು, ಇದರಲ್ಲಿ ಸೀದಾ ಕುರ್ಚಿಲಿ ಕೂತಹಾಗೆ ಕೂತು "ತಮಾ, ಇದು ಅಡ್ಡಿಲ್ಲೆ" ಅಂದ್ಲು. ಮನೆ ರಸ್ತೆಲೂ ಯಾರೂ ಇಳೀಲಿಲ್ಲ, 187 ಎಂಎಂ ಇದೆ. ಮೂರು ಸಿಲಿಂಡರಿನ ಗುರ್ ಅನ್ನೋ ಸದ್ದು ನನಗೆ ಕೇಳ್ತು, ಘಟ್ಟದಲ್ಲಿ ಗೇರ್ ಇಳಿಸೋ ಕೆಲಸನೂ ಸ್ವಿಫ್ಟಿಗಿಂತ ಜಾಸ್ತಿ ಅನಿಸ್ತು, ಹಿಂದೆ ಕೂತವ್ರಿಗೆ ಅದೆಲ್ಲಾ ಎಲ್ಲಿ ಗೊತ್ತಾಗ್ಬೇಕು, ಅವ್ರು ರಾಗಿಹೊಸಳ್ಳಿ ಬರೋವರೆಗೂ ಹಲಸಿನ ಹಪ್ಪಳದ ಸುದ್ದಿಲಿದ್ರು. 2021ರಲ್ಲೇ ಗ್ಲೋಬಲ್ ಎನ್‌ಕ್ಯಾಪ್‌ನವ್ರ ಗುದ್ದಿಸಿ ನೋಡೋ ಪರೀಕ್ಷೆಲಿ ದೊಡ್ಡವ್ರ ಸುರಕ್ಷತೆಗೆ 5 ಸ್ಟಾರ್ ತಗೊಂಡಿದ್ದು ಅಂತ ತಮ್ಮ ಬೇರೆ ಒಗ್ಗರಣೆ ಹಾಕ್ದ.

ಹೇಳೋದು ಇಷ್ಟೇ, ಟೆಸ್ಟ್ ಡ್ರೈವಿಗೆ ಒಬ್ರೇ ಹೋಗ್ಬೇಡಿ. ಏರಲ್ಲಿ ಒಂದ್ಸಲ ಪೂರ್ತಿ ನಿಲ್ಸಿ ಹ್ಯಾಂಡ್‌ಬ್ರೇಕ್ ಹಾಕಿ ಮತ್ತೆ ಹೊರಡಿಸಿ ನೋಡಿ, ಪಕ್ಕದಲ್ಲಿ ಕೂತ ಸೇಲ್ಸ್ ಹುಡುಗ ಬೇಡ ಸಾರ್ ಅಂದ್ರೂ. ಶೋರೂಮಿನ ಟೆಸ್ಟ್ ಗಾಡಿ ಹೆಚ್ಚಾಗಿ ಟಾಪ್ ಮಾಡೆಲ್ ಇರ್ತದೆ, ನೀವು ತಗೊಳ್ಳೋದಕ್ಕೆ ಅದೇ ಟಯರ್ ಅದೇ ಸೀಟು ಬರ್ತದಾ ಕೇಳ್ಕೊಳ್ಳಿ.

ಪಂಚೇ ಬುಕ್ ಮಾಡಿದೆ. ಹಳೇ ಓಮ್ನಿನ ಎಕ್ಸ್‌ಚೇಂಜಿಗೆ ಕೊಡಿ ಅಂತ ಕೇಳಿದ್ರು, ಅಡಿಕೆ ಚೀಲ ಯಾರ ತಲೆ ಮೇಲೆ ಹೊರ್ಸೋದು ಅಂತ ಅಪ್ಪ ಕೀ ಕಿಸೆಗೆ ಹಾಕ್ಕೊಂಡು ತೋಟಕ್ಕೆ ಹೋದ್ರು.