ಟೆಕ್ನಿಕ್ ರೇಸ್ ಕಾರಿಗೆ ಮೂರು ಥರದ ಸಸ್ಪೆನ್ಷನ್: ಯಾವುದು ಓಡಿತು, ಯಾವುದು ಕುಣಿಯಿತು

ಲೆಗೋ ಟೆಕ್ನಿಕ್ ತುಂಡುಗಳಿಂದ ಕಟ್ಟಿದ ರಿಮೋಟ್ ಕಾರುಗಳಲ್ಲಿ, ನುಣುಪಾದ ಟೈಲ್ಸ್ ನೆಲದ ಮೇಲೆ ಸಸ್ಪೆನ್ಷನ್ ಇಲ್ಲದ ಕಾರೇ ಚೆನ್ನಾಗಿ ಓಡುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲ್‌ನಲ್ಲಿ ಮಾತ್ರ ಓಡಿಸುವವರು ಮುಂದೆ ಓದಲೇಬೇಕು ಅಂತೇನಿಲ್ಲ. ತೂಕ ಕಮ್ಮಿ, ಅಲ್ಲಾಡುವ ಕೀಲು ಕಮ್ಮಿ, ಸ್ಟೀರಿಂಗ್ ಹೇಳಿದ ಹಾಗೆ ಕೇಳುತ್ತದೆ. ಅದೇ ಕಾರನ್ನು ಟೆರೇಸಿನ ಮೇಲೋ, ಅಪಾರ್ಟ್‌ಮೆಂಟ್ ಮುಂದಿನ ಇಂಟರ್‌ಲಾಕ್ ಕಲ್ಲಿನ ಮೇಲೋ ಬಿಟ್ಟು ನೋಡಿ. ಮೂರೇ ಚಕ್ರ ನೆಲದಲ್ಲಿರುತ್ತವೆ, ನಾಲ್ಕನೆಯದು ಗಾಳಿಯಲ್ಲಿ. ಗಾಳಿಯಲ್ಲಿರುವುದು ಹಿಂದಿನ ಚಕ್ರವಾದರೆ ಕಥೆ ಮುಗೀತು. ಎರಡು ಹಿಂದಿನ ಚಕ್ರಕ್ಕೆ ಓಟ ಹಂಚುವ ಗೇರು, ಅಂದರೆ ಡಿಫರೆನ್ಷಿಯಲ್, ಇದ್ದಬದ್ದ ಓಟವನ್ನೆಲ್ಲ ಅದಕ್ಕೇ ಕೊಡುತ್ತದೆ. ಚಕ್ರ ಗಿರಗಿರ ತಿರುಗುತ್ತದೆ, ಕಾರು ಮಾತ್ರ ನಿಂತಲ್ಲೇ.

ಹಾಗಾಗಿ ಒಂದೇ ಲೆಗೋ ಟೆಕ್ನಿಕ್ ಚಾಸಿ (ಕಾರಿನ ಚೌಕಟ್ಟು) ಇಟ್ಟುಕೊಂಡು, ಮುಂದಿನ ಭಾಗವನ್ನು ಮಾತ್ರ ಮೂರು ಥರ ಕಟ್ಟಿ ಓಡಿಸಿದೆ. ಹಿಂದೆ ಲೆಗೋದ ಎರಡು ಎಲ್ ಮೋಟರ್, ಸ್ಟೀರಿಂಗಿಗೆ ಇನ್ನೊಂದು, ನಡುವೆ ಟೆಕ್ನಿಕ್ ಹಬ್, ಅಂದರೆ ಸೆಲ್ ಹಾಕಿ ಮೋಟರುಗಳ ವೈರ್ ಸಿಕ್ಕಿಸುವ ಡಬ್ಬಿ. ಮೋಟರಿನಿಂದ 20 ಹಲ್ಲಿನ ಗೇರು, ಅದಕ್ಕೆ 12 ಹಲ್ಲಿನದು, ಅಂದರೆ ಆಕ್ಸಲ್ ಮೋಟರಿಗಿಂತ ಜೋರಾಗಿ ತಿರುಗುತ್ತದೆ. ಟೈರಿನ ಅಡ್ಡಳತೆ 62.4 ಮಿ.ಮೀ., ಒಂದು ಸುತ್ತಿಗೆ ಸುಮಾರು 19.6 ಸೆಂ.ಮೀ. ಮುಂದೆ ಹೋಗುತ್ತದೆ. ಹಬ್‌ಗೆ ಆರು ಎಎ ಸೆಲ್ ಬೇಕು. ಮಾಮೂಲಿ ಆಲ್ಕಲೈನ್ ಹಾಕಿದರೆ 9 ವೋಲ್ಟ್, ರೀಚಾರ್ಜಬಲ್ ಹಾಕಿದರೆ 7.2. ಒಂದಕ್ಕೆ ಅದು, ಇನ್ನೊಂದಕ್ಕೆ ಇದು ಹಾಕಿ ಹೋಲಿಸಿದರೆ ಸೆಲ್ಲಿನ ಹೋಲಿಕೆಯಾಗುತ್ತದೆ, ಸಸ್ಪೆನ್ಷನ್‌ದಲ್ಲ. ನಾನು ಎಲ್ಲಕ್ಕೂ ರೀಚಾರ್ಜಬಲ್ ಹಾಕಿದೆ. ಲೆಗೋದ ಹಳೆಯ ಪವರ್ ಫಂಕ್ಷನ್ಸ್ ಮೋಟರ್ ಸೆಟ್ಟಿನ ರಿಮೋಟ್ ಇರುವವರಿಗೆ ಒಂದು ಮಾತು: ಅದು ಇನ್‌ಫ್ರಾರೆಡ್, ಟೆರೇಸಿನ ಬಿಸಿಲಲ್ಲಿ ಕೈಕೊಡುತ್ತದೆ. ಸಂಜೆ ಆಗುವ ತನಕ ಕಾಯಬೇಕು, ಇಲ್ಲಾ ಬ್ಲೂಟೂತ್ ಹಬ್ ಬೇಕು.

ಉಬ್ಬುಗಳ ಬದಲು ಪೆನ್ಸಿಲ್ ಇಟ್ಟು ನೆಲಕ್ಕೆ ಟೇಪ್ ಅಂಟಿಸಿದೆ. ಒಂದು ಉದ್ದ ಸಾಲು ಅಡ್ಡಕ್ಕೆ, ಎರಡೂ ಚಕ್ರ ಒಟ್ಟಿಗೆ ಹತ್ತುವ ಹಾಗೆ. ಆಮೇಲೆ ಒಂದು ಚಕ್ರಕ್ಕೆ ಮಾತ್ರ ಸಿಗುವ ಹಾಗೆ ತುಂಡುಗಳು.

ಮೊದಲನೆಯದು ಮಾಮೂಲಿ ಡಬಲ್ ವಿಶ್‌ಬೋನ್. ಮೇಲೊಂದು ಕೆಳಗೊಂದು ತೋಳು, ಕೆಳಗಿನ ತೋಳಿನಿಂದ ಚಾಸಿಗೆ ನೇರವಾಗಿ ಒಂದು ಸ್ಪ್ರಿಂಗ್. ನಾಲ್ಕೂ ಚಕ್ರಕ್ಕೆ ಸಸ್ಪೆನ್ಷನ್ ಟೆಕ್ನಿಕ್‌ಗೆ ಹೊಸದೇನಲ್ಲ, 1994ರ 8880 ಸೂಪರ್ ಕಾರಿನಲ್ಲೇ ಇತ್ತು. ಕಟ್ಟೋದು ಸುಲಭ, ಭಾಗಗಳು ಕಮ್ಮಿ. ಆರೂವರೆ ತೂತಿನುದ್ದದ ಸ್ಪ್ರಿಂಗಿನಲ್ಲಿ ಮೆತ್ತನೆಯದು ಹಬ್‌ನ ಭಾರಕ್ಕೇ ಕೂತುಬಿಡುತ್ತದೆ, ಹಳದಿ ಬಣ್ಣದ ಗಟ್ಟಿ ಸ್ಪ್ರಿಂಗೇ ಬೇಕು. ತಲೆನೋವು ಶುರುವಾಗುವುದು ಅದನ್ನು ಹದಕ್ಕೆ ತರುವಾಗ. ಸ್ಪ್ರಿಂಗಿನ ತಲೆಯನ್ನು ಒಂದು ತೂತು ಆಚೆ ಹಾಕಿದರೆ 8 ಮಿ.ಮೀ. ಸರಿಯುತ್ತದೆ, ಅದಕ್ಕಿಂತ ಕಮ್ಮಿ ಸರಿಸಲು ಬರುವುದಿಲ್ಲ. ಒಂದು ತೂತಿನಲ್ಲಿ ಮೂತಿ ನೆಲಕ್ಕೆ ತಾಗುತ್ತದೆ, ಪಕ್ಕದ ತೂತಿನಲ್ಲಿ ಚಕ್ರ ಅಲ್ಲಾಡುವುದೇ ಇಲ್ಲ.

ಇನ್ನೊಂದು ವಿಷಯ ಇದೆ, ನನ್ನ ಮಟ್ಟಿಗೆ ಇದೇ ಮುಖ್ಯ. ಈ ತುಂಡಿಗೆ ಶಾಕ್ ಅಬ್ಸಾರ್ಬರ್ ಅಂತ ಹೆಸರು, ಆದರೆ ಒಳಗೆ ಎಣ್ಣೆ ಗಿಣ್ಣೆ ಏನೂ ಇಲ್ಲ, ಬರೀ ಸ್ಪ್ರಿಂಗು. ಒತ್ತಿದ್ದನ್ನು ಹಾಗೇ ವಾಪಸ್ ಒದೆಯುತ್ತದೆ. ಪೆನ್ಸಿಲ್ ಸಾಲು ದಾಟಿದ ಮೇಲೂ ಕಾರು ಖಾಲಿ ಲಗೇಜ್ ಆಟೋ ಥರ ಎಗರುತ್ತಾ ಹೋಗುತ್ತದೆ. ರಿಮೋಟ್ ಹಿಡಿದಿದ್ದ ಅಕ್ಕನ ಮಗ, "ಮಾಮ, ಇದು ಓಡ್ತಿಲ್ಲ, ಕುಣೀತಿದೆ" ಅಂದ. ಸರಿಯಾಗೇ ಹೇಳಿದ.

ಈ ಕುಣಿತವನ್ನು ತಡೆಯುವುದು ಕೀಲುಗಳ ಬಿಗಿ. ಟೆಕ್ನಿಕ್ ಪಿನ್‌ಗಳಲ್ಲಿ ಎರಡು ಜಾತಿ. ಕಪ್ಪು ಪಿನ್ನಿನ ಮೈಮೇಲೆ ಸಣ್ಣ ಗೀರುಗಳು ಎದ್ದಿರುತ್ತವೆ, ತೂತಿನಲ್ಲಿ ಹಿಡಿದುಕೊಳ್ಳುತ್ತದೆ. ಬೂದು ಪಿನ್ ನುಣುಪು, ಸಲೀಸಾಗಿ ತಿರುಗುತ್ತದೆ. ಮೂರು ತೂತಿನುದ್ದದ್ದರಲ್ಲಿ ನೀಲಿ ಬಿಗಿ, ಮಣ್ಣಿನ ಬಣ್ಣದ್ದು ಸಡಿಲ. ತೋಳಿಗೆಲ್ಲ ಬೂದು ಹಾಕಿದರೆ ಕುಣಿತ. ಎಲ್ಲ ಕಪ್ಪು ಹಾಕಿದರೆ ಒತ್ತಿದ ಚಕ್ರ ಅರ್ಧದಲ್ಲೇ ನಿಂತು, ಕಾರು ಒಂದು ಕಡೆ ವಾಲಿಕೊಂಡೇ ಓಡುತ್ತದೆ. ಮೇಲಿನ ತೋಳಿಗೆ ಒಂದೊಂದು ಕಪ್ಪು, ಉಳಿದದ್ದೆಲ್ಲ ಬೂದು ಹಾಕಿದಾಗ ಹದಕ್ಕೆ ಬಂತು.

ಎರಡನೆಯದು ಪುಷ್‌ರಾಡ್. ಕೆಳಗಿನ ತೋಳಿನಿಂದ ಓರೆಯಾಗಿ ಒಂದು ಕಡ್ಡಿ ಮೇಲೆ ಬರುತ್ತದೆ. ಅದು ಎಲ್ ಆಕಾರದ ರಾಕರನ್ನು ತಿರುಗಿಸುತ್ತದೆ, ರಾಕರ್ ಒಳಗೆ ಮಲಗಿರುವ ಸ್ಪ್ರಿಂಗನ್ನು ಒತ್ತುತ್ತದೆ. ಫಾರ್ಮುಲಾ ಒನ್ ಕಾರುಗಳಲ್ಲಿ ಸ್ಪ್ರಿಂಗ್ ಗಾಳಿಗೆ ಅಡ್ಡ ಬರಬಾರದು ಅಂತ ಹೀಗೆ ಒಳಗೆ ಬಚ್ಚಿಡುತ್ತಾರೆ. ನಮ್ಮ ಕಾರಿನ ಸ್ಪೀಡಿಗೆ ಗಾಳಿಯ ಚಿಂತೆ ಯಾಕೆ ಹೇಳಿ. ಇಲ್ಲಿ ಲಾಭ ಬೇರೆ. ರಾಕರಿನ ಒಂದು ತೋಳು ಮೂರು ತೂತು, ಇನ್ನೊಂದು ಎರಡು ಅಂತ ಇಟ್ಟುಕೊಂಡರೆ ಅದೇ ಹಳದಿ ಸ್ಪ್ರಿಂಗ್ ಬೇಕಾದಂತೆ ಮೆತ್ತಗೂ ಆಗುತ್ತದೆ, ಗಟ್ಟಿಯೂ ಆಗುತ್ತದೆ. ನೇರ ಸ್ಪ್ರಿಂಗಿನಲ್ಲಿ ಸಿಗದ ನಡುವಿನ ಹದಗಳು ಇಲ್ಲಿ ಸಿಗುತ್ತವೆ.

ಕೀಲುಗಳು ಜಾಸ್ತಿ, ಹಾಗಾಗಿ ಸಡಿಲವೂ ಜಾಸ್ತಿ. ಚಕ್ರ ಹಿಡಿದು ಅಲ್ಲಾಡಿಸಿದರೆ ರಾಕರ್ ತಿರುಗುವ ಮೊದಲೇ ಸ್ವಲ್ಪ ಲೊಡಲೊಡ ಅನ್ನುತ್ತದೆ. ಆದರೆ ಇಂಟರ್‌ಲಾಕ್ ಕಲ್ಲಿನ ಮೇಲೆ ಮೂರರಲ್ಲಿ ಸಮಾಧಾನವಾಗಿ ಓಡಿದ್ದು ಇದೇ. ಅಷ್ಟೊಂದು ಕೀಲುಗಳ ಉಜ್ಜಾಟವೇ, ನಿಜವಾದ ಕಾರಿನಲ್ಲಿ ಕುಣಿತ ತಡೆಯುವ ಎಣ್ಣೆ ಡ್ಯಾಂಪರಿನ ಕೆಲಸ ಮಾಡುತ್ತದೆ ಅನ್ನುವುದು ನನ್ನ ಲೆಕ್ಕ. ನಿಜವಾದ ಕಾರಿನಲ್ಲಿ ಇದನ್ನು ದೋಷ ಅನ್ನುತ್ತಾರೆ, ಇಲ್ಲಿ ಅದೇ ಗುಣ. ತೊಂದರೆ ಅಂದರೆ ಪುಷ್‌ರಾಡಿನ ತುದಿಯ ಗುಂಡು ಕೀಲು. ಗೋಡೆಗೆ ಗುದ್ದಿದರೆ ಟಪ್ ಅಂತ ಕಳಚಿಕೊಳ್ಳುತ್ತದೆ, ಮೂತಿ ಮಂಡಿಯೂರುತ್ತದೆ. ಒತ್ತಿದರೆ ಮತ್ತೆ ಕೂರುತ್ತದೆ, ಮುರಿಯುವುದಿಲ್ಲ.

ಮೂರನೆಯದೇ ನಿಜವಾದ ಪ್ರಯೋಗ: ಮೊನೊಶಾಕ್. ಮುಂದಿನ ಎರಡೂ ಚಕ್ರಕ್ಕೆ ಸೇರಿ ಒಂದೇ ಸ್ಪ್ರಿಂಗ್. ಫಾರ್ಮುಲಾ ತ್ರೀ ಕಾರುಗಳಲ್ಲಿ ಈ ಪದ್ಧತಿ ಇತ್ತು. ಎರಡೂ ಪುಷ್‌ರಾಡ್ ಬಂದು ನಡುವಿನ ಒಂದೇ ರಾಕರಿಗೆ ಸೇರುತ್ತವೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ರಾಕರ್ ತಿರುಗಿ ಸ್ಪ್ರಿಂಗನ್ನು ಒತ್ತುತ್ತದೆ. ತಿರುವಿನಲ್ಲಿ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಿಟ್ಟಾಗ ರಾಕರ್ ತಿರುಗುವುದಿಲ್ಲ, ತನ್ನ ಆಕ್ಸಲ್ ಮೇಲೆ ಪಕ್ಕಕ್ಕೆ ಜಾರುತ್ತದೆ. ಆಗ ಸ್ಪ್ರಿಂಗಿಗೆ ಕೆಲಸವೇ ಇಲ್ಲ. ಆ ಜಾರುವಿಕೆಯನ್ನು ತಡೆಯಲು ಬೇರೆ ಏನಾದರೂ ಬೇಕು. ನಾನು ಎರಡೂ ಕಡೆಯಿಂದ ರಬ್ಬರ್ ಬ್ಯಾಂಡ್ ಎಳೆದು ಕಟ್ಟಿದೆ.

ಅಡ್ಡ ಪೆನ್ಸಿಲ್ ಸಾಲಿನ ಮೇಲೆ ಇದರಷ್ಟು ಚೆನ್ನಾಗಿ ಯಾವುದೂ ಹೋಗಲಿಲ್ಲ. ಮೂತಿ ಒಮ್ಮೆ ಏಳುತ್ತದೆ, ಇಳಿಯುತ್ತದೆ, ಅಷ್ಟೆ. ತಿರುವಿಗೆ ಬಂದರೆ ಫಜೀತಿ. ಬ್ಯಾಂಡ್ ಸಡಿಲ ಇದ್ದರೆ ಕಾರು ವಾಲಿ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಬಿಗಿ ಮಾಡಿದರೆ ಒಳಗಿನ ಚಕ್ರ ಮೇಲೇಳುತ್ತದೆ. ನಡುವಿನ ಹದ ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಬಿಸಿಲಿಗೆ ರಬ್ಬರ್ ಜೋತುಬಿದ್ದಿರುತ್ತದೆ. ಒಂದೇ ಚಕ್ರ ಉಬ್ಬು ಹತ್ತಿದಾಗ ಇನ್ನೊಂದು ಚಕ್ರಕ್ಕೂ ಒದೆ ಬೀಳುತ್ತದೆ, ಸ್ಟೀರಿಂಗ್ ಪಕ್ಕಕ್ಕೆ ಎಳೆಯುತ್ತದೆ.

ಹಿಂದಿನ ಭಾಗದ ಬಗ್ಗೆ ಎರಡೇ ಮಾತು. ಮೋಟರುಗಳನ್ನು ಹಿಂದಿನ ಆಕ್ಸಲ್ ಜೊತೆಗೇ ಕಟ್ಟಿದ್ದೇನೆ, ಇಡೀ ಗುಂಪು ಒಟ್ಟಿಗೆ ಏಳುತ್ತದೆ, ಇಳಿಯುತ್ತದೆ. ಭಾರ ಜಾಸ್ತಿಯೇ, ಒಪ್ಪಿದೆ. ಆದರೆ ಮೋಟರನ್ನು ಚಾಸಿಯಲ್ಲಿಟ್ಟು ಉದ್ದದ ಶಾಫ್ಟ್ ಕೊಟ್ಟರೆ, ಶಾಫ್ಟ್ ತಿರುಗುವ ಬಲಕ್ಕೆ ಆಕ್ಸಲ್ ತಿರುಚಿಕೊಂಡು ಒಂದು ಚಕ್ರ ನೆಲ ಬಿಡಲು ನೋಡುತ್ತದೆ. ಇಷ್ಟು ಹಗುರದ ಕಾರಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಮಕ್ಕಳ ಜೊತೆ ಕಟ್ಟುವುದಾದರೆ ಮೊದಲನೆಯದನ್ನೇ ಕಟ್ಟಿ, ಒಂದು ಮಧ್ಯಾಹ್ನ ಸಾಕು. ಕೆಟ್ಟ ನೆಲದ ಮೇಲೆ ರೇಸ್ ಗೆಲ್ಲಬೇಕಾದರೆ ಪುಷ್‌ರಾಡ್. ನನ್ನ ಕಾರಿನಲ್ಲಿ ಈಗ ಇರುವುದು ಮಾತ್ರ ಮೊನೊಶಾಕ್, ಯಾಕಂದ್ರೆ ಹಬ್‌ನಲ್ಲಿ ನಾಲ್ಕನೇ ಪೋರ್ಟ್ ಖಾಲಿ ಇದೆ. 1992ರಲ್ಲಿ ವಿಲಿಯಮ್ಸ್ ತಂಡದ ಫಾರ್ಮುಲಾ ಒನ್ ಕಾರು ಎಫ್‌ಡಬ್ಲ್ಯೂ14ಬಿ ಕಂಪ್ಯೂಟರ್ ನಡೆಸುವ ಸಸ್ಪೆನ್ಷನ್‌ನಿಂದ ಚಾಂಪಿಯನ್ ಆಯ್ತು, 1994ಕ್ಕೆ ಅಂಥದ್ದನ್ನೇ ನಿಷೇಧಿಸಿದರು. ಟೆರೇಸಿನಲ್ಲಿ ಆ ನಿಷೇಧ ಇಲ್ಲ ಅಲ್ವಾ. ಹಬ್‌ನ ಒಳಗೇ ವಾಲುವಿಕೆ ತಿಳಿಯುವ ಸೆನ್ಸರ್ ಇದೆ. ರಬ್ಬರ್ ಬ್ಯಾಂಡ್ ಕಿತ್ತುಹಾಕಿ, ರಾಕರನ್ನು ಪಕ್ಕಕ್ಕೆ ತಳ್ಳಲು ಒಂದು ಮೋಟರ್ ಕೂರಿಸಬೇಕು. ಗೇರುಗಳ ಲೊಡಲೊಡ ದಾಟಿ ಅದು ಸಮಯಕ್ಕೆ ಸರಿಯಾಗಿ ತಳ್ಳುತ್ತದಾ ಅನ್ನುವುದೇ ಈಗಿನ ಅನುಮಾನ.