ಮಿದುಳಿನ ಅಲೆ ನೋಡಲು ಹೆಡ್‌ಸೆಟ್ಟೋ, ಬರೀ ಬೋರ್ಡೋ?

ಹೈಸ್ಕೂಲು ಮಕ್ಕಳಿಗೆ ಮಿದುಳಿನ ಅಲೆ, ಅಂದರೆ ಮಿದುಳಿನ ವಿದ್ಯುತ್ತಿನ ಏರಿಳಿತ, ತೋರಿಸಬೇಕು ಅಂತಿದ್ದರೆ ಬರೀ ಸರ್ಕಿಟ್ ಬೋರ್ಡ್ ತಗೊಳ್ಳಿ. ರೆಡಿಮೇಡ್ ಹೆಡ್‌ಸೆಟ್ ಬೇಡ. ನಾನು ಎರಡನ್ನೂ ಕೊಂಡು ನೋಡಿದ್ದೇನೆ. ಹೆಡ್‌ಸೆಟ್ ಈಗ ಕಪಾಟು ಸೇರಿದೆ.

ಕಾಸರಗೋಡಿನ ಬದಿಯಡ್ಕದಲ್ಲಿರುವ ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಶಾಲೆಯ ಕೈಬರಹದ ಪತ್ರಿಕೆಗೆ ಒಂದು ಕಥೆ ಬರೆಯುತ್ತಿದ್ದಳು. ಅದರಲ್ಲಿ ಒಬ್ಬ ಹುಡುಗ ಹ್ಯಾಕರ್. ತಲೆಗೆ ಪಟ್ಟಿ ಕಟ್ಟಿಕೊಂಡವರ ಮನಸ್ಸಿನಿಂದಲೇ ಪಾಸ್‌ವರ್ಡ್ ಕದಿಯುತ್ತಾನೆ. "ಮಾವ, ಇದು ನಿಜಕ್ಕೂ ಆಗ್ತದಾ?" ಅಂತ ಕೇಳಿದಳು. ಮಾಡಿಯೇ ನೋಡೋಣ ಅಂತ ಹೊರಟದ್ದು ಹೀಗೆ.

ಮೊದಲು ಬಂದದ್ದು ಹೆಡ್‌ಸೆಟ್. ಹಣೆಗೆ ಒಂದು ಸೆನ್ಸರ್, ಕಿವಿಗೆ ಒಂದು ಕ್ಲಿಪ್, ಬ್ಲೂಟೂತ್. ಹಾಕಿಕೊಂಡರೆ ಸಾಕು, ಫೋನಿನಲ್ಲಿ 'ಗಮನ' ಅಂತ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಬರುತ್ತದೆ. ಆದರೆ ಆ ಅಂಕಿ ಬಂದದ್ದು ಹೇಗೆ? ಲೆಕ್ಕ ಕಂಪನಿಯವರದ್ದು, ಹೊರಗೆ ಹೇಳುವುದಿಲ್ಲ. ಅವಳ ತಮ್ಮ ಹಲ್ಲು ಕಚ್ಚಿದರೂ ಅಂಕಿ ಹಾರುತ್ತಿತ್ತು. ದವಡೆಯ ಸ್ನಾಯುಗಳ ವಿದ್ಯುತ್ತು ಮಿದುಳಿನದ್ದಕ್ಕಿಂತ ಎಷ್ಟೋ ಜೋರು, ಅದೂ ಒಳಗೆ ನುಗ್ಗುತ್ತದೆ. 'ಹೇಗೆ' ಅಂತ ಕೇಳುವ ಮಗುವಿಗೆ ಬಾಯಿ ಮುಚ್ಚಿದ ಪೆಟ್ಟಿಗೆ ಕೊಟ್ಟು ಏನು ಪ್ರಯೋಜನ? ನನಗೆ ಸಿಟ್ಟು ಬಂದದ್ದು ಇದಕ್ಕೇ.

ಆಮೇಲೆ ತರಿಸಿದ್ದು ನಮ್ಮ ದೇಶದ್ದೇ ಆದ ಬಯೋಆಂಪ್ ಇಎಕ್ಸ್‌ಜಿ ಪಿಲ್. ಮೈಯ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡುವ ಪುಟ್ಟ ಬೋರ್ಡು, ಮೂರು ವಯರು, ಇಸಿಜಿಗೆ ಅಂಟಿಸುವಂಥ ಜೆಲ್ ಸ್ಟಿಕ್ಕರ್. ಜೊತೆಗೆ ಒಂದು ಆರ್ಡುಯಿನೊ (ಪ್ರೋಗ್ರಾಂ ಹಾಕಿ ನಡೆಸುವ ಸಣ್ಣ ಕಂಪ್ಯೂಟರ್ ಬೋರ್ಡು) ಬೇಕು. ಅದು ಅವಳಿಗೆ ಹೊಸದಲ್ಲ, ಕೇರಳದ ಶಾಲೆಗಳಲ್ಲಿರುವ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನಲ್ಲಿ ಬಳಸಿದ್ದಾಳೆ. ಸರ್ಕಿಟ್ಟಿನ ನಕ್ಷೆ, ಪ್ರೋಗ್ರಾಂ ಎಲ್ಲ ಯಾರು ಬೇಕಾದರೂ ನೋಡಬಹುದು, ಬದಲಾಯಿಸಬಹುದು.

ತಲೆಬಿಸಿ ಮಾತ್ರ ಒಂದುಂಟು: ಮನೆಯ ಕರೆಂಟು. ಮಿದುಳಿನಿಂದ ತಲೆಯ ಚರ್ಮದವರೆಗೆ ಬರುವುದು ಸುಮಾರು ಹತ್ತರಿಂದ ನೂರು ಮೈಕ್ರೋವೋಲ್ಟ್, ಒಂದು ಮೈಕ್ರೋವೋಲ್ಟ್ ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಗೋಡೆಯೊಳಗಿನ ವಯರಿನಲ್ಲಿ 230 ವೋಲ್ಟ್, ಸೆಕೆಂಡಿಗೆ 50 ಸಲ ಏರಿಳಿಯುತ್ತಾ ಇರುತ್ತದೆ. ನಮ್ಮ ಮೈ, ಬೋರ್ಡಿನ ವಯರು ಎರಡೂ ಅದನ್ನು ಹಿಡಿದುಬಿಡುತ್ತವೆ. ಆರ್ಡುಯಿನೊಗೆ ಸಿಕ್ಕಿಸಿದ ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲಿ ಅಲೆ ಕಾಣುವುದಿಲ್ಲ, ದಪ್ಪ ಪಟ್ಟಿ ಮಾತ್ರ.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆವು. ಅರ್ಧ ಕಡಿಮೆ ಆಯಿತು. (ಚಾರ್ಜರ್ ಹಾಕಿ ಯಾವತ್ತೂ ಮಾಡಬೇಡಿ. ವಯರು ಮಗುವಿನ ಮೈಗೆ ಅಂಟಿರುತ್ತದೆ, ಬ್ಯಾಟರಿಯಲ್ಲೇ ನಡೆಯಬೇಕು.) ಟ್ಯೂಬ್‌ಲೈಟ್ ಆರಿಸಿದೆವು. ಮೂರು ವಯರನ್ನು ಜಡೆ ಹಾಕಿದ ಹಾಗೆ ಹೆಣೆದೆವು. ಪ್ರೋಗ್ರಾಮಿನಲ್ಲಿ ಬೇಡದ ಏರಿಳಿತ ಸೋಸುವ ಫಿಲ್ಟರ್ ಇದೆ, ಆದರೂ ಕರೆಂಟಿನ ಈ ಗದ್ದಲ ಪೂರ್ತಿ ಹೋಗಲಿಲ್ಲ. ಒಂದು ಸಂಜೆ ಜೋರು ಮಳೆ ಬಂದು ಕರೆಂಟು ಹೋಯಿತು. "ಮಾವ, ಈಗ ಚಂದ ಬರ್ತಾ ಉಂಟು!" ಅಂತ ಕೂಗಿದಳು. ಗೆರೆ ಅಷ್ಟು ಶುದ್ಧ! ಆಮೇಲಿಂದ ಮೈನ್ ಸ್ವಿಚ್ ಆಫ್ ಮಾಡಿಯೇ ಕೂರುವುದು. ಅಕ್ಕ ಬೈತಾಳೆ, ಆದರೂ ಬಿಡ್ತಾಳೆ.

ಇನ್ನೊಂದು, ತೆಂಗಿನೆಣ್ಣೆ. ಎಣ್ಣೆ ಹಚ್ಚಿದ ಚರ್ಮಕ್ಕೆ ಸ್ಟಿಕ್ಕರ್ ನಿಲ್ಲುವುದಿಲ್ಲ, ನಿಂತರೂ ಗದ್ದಲ ಜಾಸ್ತಿ. ಸೋಪು ಹಾಕಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ ಅಂಟಿಸಬೇಕು. ಉದ್ದ ಕೂದಲಿನ ಮೇಲಂತೂ ಆಗುವುದೇ ಇಲ್ಲ. ಹಾಗಾಗಿ ಸಣ್ಣಗೆ ಕೂದಲು ಕತ್ತರಿಸಿಕೊಂಡಿದ್ದ ತಮ್ಮನೇ ಕುರ್ಚಿಯಲ್ಲಿ ಕೂತ.

ಅವನು ಕಣ್ಣು ಮುಚ್ಚಿದ ಕೂಡಲೇ ತಲೆಯ ಹಿಂಬದಿಯ ಸ್ಟಿಕ್ಕರಿನಿಂದ ಆಲ್ಫಾ ಅಲೆ ಎದ್ದಿತು, ಸೆಕೆಂಡಿಗೆ 8ರಿಂದ 13 ಸಲದ್ದು. ಕಣ್ಣು ತೆರೆದರೆ ತಗ್ಗಿತು. 1924ರಲ್ಲಿ ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದ ಹ್ಯಾನ್ಸ್ ಬರ್ಗರ್ ಹೆಸರಿಟ್ಟ ಅಲೆಯೇ ಇದು. ಬದಿಯಡ್ಕದ ಜಗಲಿಯಲ್ಲಿ ಅದನ್ನು ನೋಡಿದಾಗ ನನಗೆ ಮೈ ಜುಂ ಅಂದಿತು.

ಕಥೆ ಆ ವಾರವೇ ಬದಲಾಯಿತು. 2024ರ ಜನವರಿಯಲ್ಲಿ ಎಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ಮೊದಲ ಸಲ ಮನುಷ್ಯನಿಗೆ ಹಾಕಿದ ಚಿಪ್‌ನಲ್ಲಿ ವಿದ್ಯುತ್ತು ಹಿಡಿಯುವ 1,024 ಎಲೆಕ್ಟ್ರೋಡ್ ಇದ್ದವು, ಅದೂ ಮಿದುಳಿನ ಒಳಗೇ. ಅದರಿಂದ ಆ ವ್ಯಕ್ತಿ ಕಂಪ್ಯೂಟರಿನ ಕರ್ಸರ್ ಸರಿಸಿದರು. ಚರ್ಮದ ಮೇಲಿನ ಸ್ಟಿಕ್ಕರಿಗೆ ಪಾಸ್‌ವರ್ಡ್ ಎಲ್ಲಿ ಸಿಗಬೇಕು ಅಲ್ವಾ? ಅವಳ ಹುಡುಗ ಈಗ ಪಾಸ್‌ವರ್ಡ್ ಕದಿಯುವುದಿಲ್ಲ. ಬಂಧನದಲ್ಲಿರುವ ಗೆಳತಿ ಕಣ್ಣು ಮಿಟುಕಿಸುತ್ತಾಳೆ, ಹಣೆಯ ಪಟ್ಟಿಯಲ್ಲಿ ದೊಡ್ಡ ಏರು ಕಾಣುತ್ತದೆ, ಇವನು ಅದನ್ನು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತವಾಗಿ ಓದುತ್ತಾನೆ. ಇದು ನಿಜಕ್ಕೂ ಆಗುವಂಥದ್ದು, ಕಥೆಯೂ ಮೊದಲಿಗಿಂತ ಗಟ್ಟಿ.

ಧ್ಯಾನಕ್ಕೆ ಅಂತ ಮಾರುವ, ಮಿದುಳಿನ ಅಲೆ ಹಿಡಿಯುವ ತಲೆಪಟ್ಟಿಯೊಂದನ್ನು ಬೆಂಗಳೂರಿನ ನೆಂಟರು ತಂದಿದ್ದರು. ಹಾಕಿಕೊಳ್ಳಲು ಹಿತ, ಆದರೆ ಆ್ಯಪಿಗೆ ವರ್ಷಾ ವರ್ಷಾ ದುಡ್ಡು. ನಮಗಲ್ಲ.

ಬೋರ್ಡು, ಆರ್ಡುಯಿನೊ, ಸ್ಟಿಕ್ಕರ್ ಎಲ್ಲ ಸೇರಿದರೂ ಹೆಡ್‌ಸೆಟ್ಟಿಗೆ ಕೊಟ್ಟ ದುಡ್ಡಿನ ಅರ್ಧ ಆಗಲಿಲ್ಲ. ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷ ತೋರಿಸಿ ಮುಗಿಸುವುದಾದರೆ ಹೆಡ್‌ಸೆಟ್ ಸಾಕು. ರಜೆಯಲ್ಲಿ ಮಕ್ಕಳ ಜೊತೆ ಕೂರಲು ಸಮಯ ಇದ್ದವರು ಬೋರ್ಡೇ ತಗೊಳ್ಳಿ. ಸ್ಟಿಕ್ಕರ್ ಜಾಸ್ತಿ ತರಿಸಿಡಿ, ಒಮ್ಮೆ ಕಿತ್ತರೆ ಮತ್ತೆ ಅಂಟುವುದಿಲ್ಲ.