ಫಿಲ್ಲರ್‌ಗೆ ಸೂಜಿಯೋ, ಕ್ಯಾನ್ಯುಲಾವೋ?

ಫಿಲ್ಲರ್ (ಮುಖದ ಗುಳಿ, ಸುಕ್ಕು ತುಂಬಲು ಚರ್ಮದಡಿ ಬಿಡುವ ಜೆಲ್‌ನಂಥ ಮದ್ದು) ಹಾಕಿಸುವಾಗ ದೊಡ್ಡ ಅಪಾಯ ಬಾವಲ್ಲ. ಮದ್ದು ರಕ್ತನಾಳದೊಳಗೆ ಹೋಗುವುದು. ಹಾಗಾದರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು.

ಈ ವಿಷಯದಲ್ಲಿ 25 ಗೇಜ್ ಅಥವಾ ಅದಕ್ಕಿಂತ ದಪ್ಪನೆಯ ಕ್ಯಾನ್ಯುಲಾ, ಅಂದರೆ ಮೊಂಡು ತುದಿಯ ಸಣ್ಣ ಕೊಳವೆ, ಮೇಲು. ಗೇಜ್ ಅಂದರೆ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತೆಳು. ತುದಿ ಮೊಂಡಾದ್ದರಿಂದ ನಾಳಕ್ಕೆ ತಾಗಿದರೂ ಸಾಮಾನ್ಯವಾಗಿ ಪಕ್ಕಕ್ಕೆ ಜಾರುತ್ತದೆ. 27 ಗೇಜಿನದು ತೀರಾ ತೆಳು, ಹೆಚ್ಚುಕಡಿಮೆ ಸೂಜಿಯಂತೆಯೇ ನಾಳವನ್ನು ತೂರಬಲ್ಲದು. ಹಾಗಾಗಿ ಗೇಜ್ ಎಷ್ಟೆಂದು ಕೇಳಲೇಬೇಕು.

ನಿಖರತೆಗೆ ಸೂಜಿಯೇ ಸರಿ: ತುಟಿಯ ಅಂಚಿಗೆ, ಗದ್ದದ ಮೂಳೆಯ ಮೇಲೆ ಒಂದೇ ಬಿಂದುವಿಗೆ. ಮದ್ದು ಬಿಡುವ ಮುನ್ನ ಪಿಸ್ಟನ್ ಹಿಂದಕ್ಕೆಳೆದು ನೋಡುತ್ತಾರೆ. ಆದರೆ ರಕ್ತ ಬರಲಿಲ್ಲವೆಂದರೆ ನಾಳದಲ್ಲಿಲ್ಲ ಎಂದರ್ಥವಲ್ಲ, ದಪ್ಪ ಜೆಲ್ ಸೂಜಿಯ ರಂಧ್ರವನ್ನು ಮುಚ್ಚಿರಬಹುದು. ಒಮ್ಮೆಗೆ 0.1 ಮಿ.ಲೀ. ದಾಟದೆ ನಿಧಾನವಾಗಿ ಬಿಡುವುದೇ ನಿಜವಾದ ಕಾವಲು.

ಕೆನ್ನೆಗೆ, ಕಣ್ಣಿನ ಕೆಳಗಿನ ಗುಳಿಗೆ, ಅಥವಾ ಹತ್ತಿರದಲ್ಲೇ ಮದುವೆಯಿದ್ದರೆ: ಕ್ಯಾನ್ಯುಲಾ, ಕಂದುಗಟ್ಟುವುದು ಕಡಿಮೆ. ಖರ್ಚಿನ ವ್ಯತ್ಯಾಸ ಅಲ್ಪ. ಹುಬ್ಬುಗಳ ನಡುವೆ ಮತ್ತು ಮೂಗಿಗೆ ಎರಡೂ ಅಪಾಯವೇ. ಅಲ್ಲಿ ಬೇಡವೆನ್ನುವ ವೈದ್ಯರ ಮಾತು ಕೇಳಿ.

ಸೂಜಿಯೋ ಕ್ಯಾನ್ಯುಲಾವೋ ಯಾವುದೇ ಇರಲಿ, ಫಿಲ್ಲರ್ ಹಯಲುರಾನಿಕ್ ಆಮ್ಲದ್ದೇ ಆಗಿರಬೇಕು, ಅದನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಮದ್ದು ಕೋಣೆಯಲ್ಲೇ ಇರಬೇಕು. ಚರ್ಮ ಬಿಳಿಚಿಕೊಂಡರೆ, ಬಲೆಯಂತೆ ನೀಲಿಗಟ್ಟಿದರೆ, ವಿಪರೀತ ನೋವಾದರೆ ತಕ್ಷಣ ನಿಲ್ಲಿಸಬೇಕು. ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯದೆ ಕಣ್ಣಾಸ್ಪತ್ರೆಗೆ ಓಡಬೇಕು.